ಚಳಿಗಾಲದಲ್ಲಿ ಕಾಲಿನ ಆರೈಕೆ



ಗಾಳಿಪಟ ಹಾರುವ ಉತ್ತರಾಯಣದ ದಿನಗಳಲ್ಲಿ ಅಹಮದಾಬಾದಿನ ಇರುಳು 12 ಡಿಗ್ರಿಯ ಸುಮಾರಿಗೆ ತಣಿಯುತ್ತದೆ. ನೇಯ್ಗೆ ಖಾತೆಯ ಸೆಕೆಯಲ್ಲಿ ಬೆವರಿ ಹೊರಬಂದ ನಮಗೆ ಚಳಿ ಹಿಡಿಯುವುದು ಕಾಲಿನಿಂದಲೇ. ಒದ್ದೆ ಚೀಲವೂ ಸಿಮೆಂಟು ನೆಲವೂ ಮೈಯ ಬಿಸಿಯನ್ನು ಹೀರುತ್ತವೆ.

ಫಿನ್ಲೆಂಡಿನಲ್ಲಿ ಹೆಪ್ಪುಗಟ್ಟಿದ ಸರೋವರದ ಮೇಲೆ ಕುಳಿತು ಮೀನು ಹಿಡಿಯುವವರಿಗೂ ನಮಗೂ ಸೂತ್ರ ಒಂದೇ: ಕಾಲು ಒಣಗಿರಲಿ, ಬೂಟು ಸಡಿಲವಿರಲಿ. ಬಿಗಿದರೆ ರಕ್ತ ಸರಾಗವಾಗಿ ಓಡದು. ಪಾಳಿ ಮುಗಿದೊಡನೆ ಕಾಲೊರೆಸಿ ಬೇರೆ ಚೀಲ ಹಾಕೋಣ, ಉಣ್ಣೆಯದಾದರೆ ಲೇಸು. ಕೂರುವಲ್ಲಿ ಕಾಲಡಿ ಗೋಣಿತಟ್ಟು ಹಾಸೋಣ.

ಮುಚ್ಚಿದ ಕೋಣೆಯಲ್ಲಿ ಇದ್ದಿಲ ಕೆಂಡವಿಟ್ಟು ಮಾತ್ರ ಮಲಗಬೇಡಿ. ಅದರ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲೇ ಪ್ರಾಣ ಹೋದೀತು. ಸಕ್ಕರೆ ಕಾಯಿಲೆಯವರು ಕಾಲನ್ನು ಬೆಂಕಿಗೆ ಒಡ್ಡಬಾರದು, ಸುಟ್ಟರೂ ತಿಳಿಯದಿರಬಹುದು.

ಊರಲ್ಲಿ ನಮ್ಮ ದಾರಿ ಕಾಯುವವರಿದ್ದಾರೆ. ಅವರಿಗಾಗಿಯಾದರೂ ಎಚ್ಚರವಿರೋಣ.