ತೋಟದ ನಾಯಿಗೆ ಸಂತಾನಹರಣ ಚಿಕಿತ್ಸೆ: ಯಾವಾಗ ಮಾಡಿಸಬೇಕು?

(ಕೃಷಿಕರ ಸಭೆಯಲ್ಲಿ ಮಾಡಿದ ಭಾಷಣ)



ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಹಳ್ಳಿಗಳಲ್ಲಿ ಮನೆಗಳು ಒತ್ತೊತ್ತಾಗಿ ಇರುವುದಿಲ್ಲ. ಅಡಿಕೆ ತೋಟದ ನಡುವೆ ಒಂದು ಮನೆ, ಗುಡ್ಡ ದಾಟಿದರೆ ಇನ್ನೊಂದು. ಇಂಥಲ್ಲಿ ನಾಯಿಯಿಲ್ಲದ ಮನೆ ಅಪರೂಪ. ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆಗೂ ಹಟ್ಟಿಯ ಕರುವಿಗೂ ಅದೇ ಕಾವಲು. ತೆಂಗಿಗೆ ಬರುವ ಮಂಗವನ್ನೂ ರಾತ್ರಿ ನುಗ್ಗುವ ಕಾಡುಹಂದಿಯನ್ನೂ ಬೊಗಳಿ ಓಡಿಸುವುದೂ ಅದೇ.

ಹಟ್ಟಿಯ ಹಸು ಬೆದೆಗೆ ಬಂದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕುವ ಕೃಷಿಕರೂ ನಾಯಿಯ ಬೆದೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಬೆದೆಯ ನಾಯಿಯ ಹಿಂದೆ ಊರಿನ ಗಂಡು ನಾಯಿಗಳೆಲ್ಲ ಸೇರುತ್ತವೆ. ಸುಮಾರು 63 ದಿನಗಳ ನಂತರ ಸೌದೆ ಕೊಟ್ಟಿಗೆಯಲ್ಲಿ ಐದಾರು ಮರಿಗಳು. ಗಂಡು ಮರಿಗಳನ್ನು ಯಾರಾದರೂ ಕೇಳಿ ಒಯ್ಯುತ್ತಾರೆ. ಹೆಣ್ಣು ಮರಿಗಳು ಗೋಣಿಚೀಲ ಸೇರಿ ಪೇಟೆಯ ಬದಿಗೋ ಸೇತುವೆಯ ಬಳಿಗೋ ಹೋಗುತ್ತವೆ. ಬದುಕುಳಿದದ್ದು ಬೀದಿ ನಾಯಿಯಾಗುತ್ತದೆ. ಅದಕ್ಕೆ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸುವವರಿಲ್ಲ. ಅದು ಕಚ್ಚುವುದು ಶಾಲೆಗೆ ನಡೆದು ಹೋಗುವ ನಮ್ಮದೇ ಮಕ್ಕಳನ್ನು. ಪ್ರಾಣಿಯನ್ನು ಹೀಗೆ ಬಿಟ್ಟುಬರುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಂತೆ ಅಪರಾಧ. ಸಾಕುನಾಯಿಯ ಲಸಿಕೆ ಮತ್ತು ಸಂತಾನಹರಣದ ಹೊಣೆ ಯಜಮಾನನದೇ ಎಂದು 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳೂ ಹೇಳುತ್ತವೆ.

ಹಾಗಾದರೆ ಚಿಕಿತ್ಸೆ ಯಾವಾಗ? ಎಲ್ಲ ನಾಯಿಗಳಿಗೂ ಒಂದೇ ವಯಸ್ಸು ಹೇಳಲಾಗುವುದಿಲ್ಲ. ಆದರೆ ತೋಟದಲ್ಲಿ ಬಿಡುಬೀಸಾಗಿ ತಿರುಗುವ ನಾಟಿ ಹೆಣ್ಣು ನಾಯಿಗೆ ಉತ್ತರ ಸ್ಪಷ್ಟ: ಮೊದಲ ಬೆದೆಗೆ ಮುಂಚೆ, ಅಂದರೆ ಐದರಿಂದ ಆರು ತಿಂಗಳ ವಯಸ್ಸಿನಲ್ಲಿ. ನಾಯಿಗಳು ಆರರಿಂದ ಹನ್ನೆರಡು ತಿಂಗಳೊಳಗೆ ಮೊದಲ ಸಲ ಬೆದೆಗೆ ಬರುತ್ತವೆ. ದೊಡ್ಡ ತಳಿಗಳು ಇನ್ನೂ ತಡ. ಬೆದೆ ಸುಮಾರು ಮೂರು ವಾರ ಇರುತ್ತದೆ. ಅಷ್ಟು ದಿನ ನಾಯಿಯನ್ನು ಕೂಡಿಹಾಕಿ ಕಾಯುವುದು ಅಡಿಕೆ ಕೊಯ್ಲಿನ ಮನೆಯಲ್ಲಿ ಆಗದ ಮಾತು.

ಇಲ್ಲಿ ಮಳೆಗಾಲದ ಲೆಕ್ಕವೂ ಬೇಕು. ನಮ್ಮ ದೇಶದಲ್ಲಿ ಬೀದಿ ನಾಯಿಗಳು ಹೆಚ್ಚಾಗಿ ಚಳಿಗಾಲದಲ್ಲಿ ಮರಿ ಹಾಕುತ್ತವೆ. ಡಿಸೆಂಬರಿನಲ್ಲಿ ಹುಟ್ಟಿದ ಮರಿಗೆ ಜೂನ್‌ನಲ್ಲಿ ಆರು ತಿಂಗಳು ತುಂಬುತ್ತದೆ. ಆಗ ಜಡಿಮಳೆ, ಕೆಸರು, ನೊಣ. ಗಾಯ ಒದ್ದೆಯಾದರೆ ಕೀವಾಗುತ್ತದೆ, ಹುಳು ಬೀಳುತ್ತದೆ. ಆದ್ದರಿಂದ ಮೇ ತಿಂಗಳಲ್ಲೇ ಪಶುವೈದ್ಯರಿಗೆ ತೋರಿಸಿ ದಿನ ಗೊತ್ತುಮಾಡಬೇಕು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಮಳೆಗೆ ಮುಂಚೆ ಸಿಂಪಡಿಸುತ್ತೇವೆ, ಕಾಯಿ ಉದುರಿದ ಮೇಲಲ್ಲ. ಇದೂ ಹಾಗೆಯೇ. ಮೇ ತಪ್ಪಿತೆಂದರೆ ನಾಯಿಯನ್ನು ಎರಡು ವಾರ ಒಣಗಿದ ಜಾಗದಲ್ಲಿ ಕಟ್ಟಿಡುವ ಏರ್ಪಾಡು ಮಾಡಿಕೊಂಡು ಮಳೆಗಾಲದಲ್ಲೂ ಮಾಡಿಸಬಹುದು.

ಆಗಲೇ ಬೆದೆಗೆ ಬಂದಿದ್ದರೆ, ಮುಗಿದ ಮೇಲೆ ಎರಡು ಮೂರು ತಿಂಗಳು ಕಾಯುವುದು ಒಳ್ಳೆಯದು; ಬೆದೆಯಲ್ಲಿ ರಕ್ತಸ್ರಾವ ಹೆಚ್ಚು. ಮರಿ ಹಾಕಿದ್ದರೆ ಮರಿಗಳು ಹಾಲು ಬಿಟ್ಟು ಕೆಚ್ಚಲು ಬತ್ತಿದ ಮೇಲೆ ಮಾಡಿಸಬೇಕು. ಬೆದೆ ತಡೆಯುವ ಚುಚ್ಚುಮದ್ದು ಅಗ್ಗವೆಂದು ಅದನ್ನೇ ನೆಚ್ಚಬಾರದು. ಅದರಿಂದ ಗರ್ಭಕೋಶದಲ್ಲಿ ಕೀವು ತುಂಬುವ ಅಪಾಯ ಹೆಚ್ಚುತ್ತದೆ. ಚಿಕಿತ್ಸೆಯಾಗದ ನಡುವಯಸ್ಸಿನ ನಾಯಿ ಬೆದೆ ಮುಗಿದ ಒಂದೆರಡು ತಿಂಗಳಲ್ಲಿ ಮೇವು ಬಿಟ್ಟು ಅತಿಯಾಗಿ ನೀರು ಕುಡಿಯತೊಡಗಿದರೆ ಈ ರೋಗವನ್ನು ಸಂಶಯಿಸಿ ಅಂದೇ ಆಸ್ಪತ್ರೆಗೆ ಒಯ್ಯಬೇಕು.

ದೊಡ್ಡ ತಳಿಗಳ ಮಾತು ಬೇರೆ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಡೇವಿಸ್ ಕೇಂದ್ರದ ವಿಜ್ಞಾನಿಗಳು 2020ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, 20 ಕಿಲೋಗಿಂತ ಹೆಚ್ಚು ತೂಗುವ ಮಿಶ್ರತಳಿ ನಾಯಿಗಳಿಗೆ ವರ್ಷ ತುಂಬುವ ಮೊದಲೇ ಚಿಕಿತ್ಸೆ ಮಾಡಿದರೆ ಕೀಲುಗಳ ತೊಂದರೆ ಹೆಚ್ಚು. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್ ಸಾಕಿದವರು ಬೇಲಿ, ಗೂಡು, ಕಾವಲು ಇದ್ದರೆ ವೈದ್ಯರ ಸಲಹೆಯಂತೆ ವರ್ಷ ಕಳೆಯುವವರೆಗೆ ಕಾಯಬಹುದು. ಕಾವಲು ಇಲ್ಲದಿದ್ದರೆ ಕಾಯುವುದರಲ್ಲಿ ಅರ್ಥವಿಲ್ಲ.

ಗಂಡು ನಾಯಿಗೆ ಅವಸರವಿಲ್ಲ. ಬೆಳವಣಿಗೆ ಮುಗಿದ ಮೇಲೆ ಮಾಡಿಸಬಹುದು. ಬೆದೆಯ ವಾಸನೆ ಹಿಡಿದು ದಿನಗಟ್ಟಲೆ ಅಲೆಯುವ, ಕಚ್ಚಾಡಿ ಗಾಯವಾಗಿ ಬರುವ ನಾಯಿಗೆ ಇದರಿಂದ ಲಾಭ. ಕೂಡುವಿಕೆಯಿಂದ ಹರಡುವ ಜನನಾಂಗದ ಗಡ್ಡೆಯ ಅಪಾಯವೂ ಕಡಿಮೆಯಾಗುತ್ತದೆ. ಆದರೆ ಚಿಕಿತ್ಸೆಯಾದ ಕೆಲವು ವಾರ ಅದರಿಂದ ಗರ್ಭ ನಿಲ್ಲಬಹುದು ಎಂಬ ಎಚ್ಚರವಿರಲಿ. ಆರು ತಿಂಗಳಾದರೂ ಬೀಜ ಕೆಳಗಿಳಿಯದಿದ್ದರೆ ವೈದ್ಯರಿಗೆ ತೋರಿಸಬೇಕು.

"ಒಂದು ಸೂಲಾದರೂ ಮರಿ ಹಾಕಲಿ" ಎನ್ನುವ ಹಿರಿಯರಿದ್ದಾರೆ. ಅದರಿಂದ ನಾಯಿಯ ಆರೋಗ್ಯಕ್ಕೆ ಯಾವ ಪ್ರಯೋಜನವೂ ಇಲ್ಲ. "ಬೊಗಳುವುದು ಬಿಡುತ್ತದೆ" ಎಂಬುದೂ ತಪ್ಪು. ಅಪರಿಚಿತರನ್ನು ಕಂಡು ಬೊಗಳುವ ಗುಣ ಹೋಗುವುದಿಲ್ಲ. ಮೈ ಬರುವುದು ಮಾತ್ರ ನಿಜ. ಅನ್ನ ಸ್ವಲ್ಪ ಕಡಿಮೆ ಮಾಡಿದರೆ ಸಾಕು. ಕೆಲವು ಹೆಣ್ಣು ನಾಯಿಗಳಲ್ಲಿ, ವಿಶೇಷವಾಗಿ ದೊಡ್ಡ ತಳಿಗಳಲ್ಲಿ, ಮುಂದೆ ಮೂತ್ರ ಸೋರುವುದುಂಟು, ಅದಕ್ಕೆ ಔಷಧಿಯಿದೆ.

ಚಿಕಿತ್ಸೆಗೆ ಒಯ್ಯುವ ಹಿಂದಿನ ರಾತ್ರಿಯಿಂದ ಆಹಾರ ಕೊಡಬಾರದು. ತೀರ ಎಳೆಯ ಮರಿಗೆ ಎಷ್ಟು ಹೊತ್ತು ಎಂದು ವೈದ್ಯರನ್ನೇ ಕೇಳಬೇಕು. ಬಂದ ಮೇಲೆ ಹತ್ತರಿಂದ ಹದಿನಾಲ್ಕು ದಿನ ಕಟ್ಟಿಡಬೇಕು, ಗಾಯ ನೆಕ್ಕಲು ಬಿಡಬಾರದು. ಸಂತಾನಹರಣವಾದರೂ ಹುಚ್ಚುನಾಯಿ ರೋಗ ಬಾರದೆಂದಲ್ಲ. ಮೂರು ತಿಂಗಳಿಗೆ ಮೊದಲ ಲಸಿಕೆ, ಮುಂದೆ ವೈದ್ಯರು ಹೇಳಿದಂತೆ ಮರು ಲಸಿಕೆ ತಪ್ಪಿಸಬಾರದು. ಯಾವ ನಾಯಿ ಕಚ್ಚಿದರೂ ಗಾಯವನ್ನು ಹದಿನೈದು ನಿಮಿಷ ಸೋಪು ನೀರಿನಿಂದ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಹೆಣ್ಣು ಮರಿಯನ್ನು ಮನೆಗೆ ತಂದ ದಿನವೇ ಅದರ ಹುಟ್ಟಿದ ತಿಂಗಳನ್ನು ಹಸುಗಳ ಲೆಕ್ಕದ ಪುಸ್ತಕದಲ್ಲಿ ಬರೆದಿಡಿ. ಅಲ್ಲಿಂದ ಐದು ತಿಂಗಳು ಎಣಿಸಿದರೆ ಪಶು ಆಸ್ಪತ್ರೆಗೆ ಹೋಗುವ ದಿನ ತಾನೇ ತಿಳಿಯುತ್ತದೆ. ಹಾಗೆ ಮಾಡಿದ ಮನೆಯವರಿಗೆ ಗೋಣಿಚೀಲ ಹುಡುಕುವ ಕೆಲಸವಿರುವುದಿಲ್ಲ.