ನಿಮ್ಮ ಸುದ್ದಿ ಆರಿಸೋದು ಯಾರು?



ಇವತ್ತು ಬೆಳಗ್ಗೆ ಎದ್ದ ಕೂಡಲೇ ನೀವು ಓದಿದ ಮೊದಲ ಸುದ್ದಿ ಯಾವುದು? ಅದನ್ನು ಆರಿಸಿದ್ದು ಯಾರು? ನೀವಾ? ಸ್ವಲ್ಪ ಯೋಚನೆ ಮಾಡಿ ನೋಡಿ. ವಾಟ್ಸ್‌ಆ್ಯಪ್ ಗ್ರೂಪಲ್ಲಿ ಯಾರೋ ಫಾರ್ವರ್ಡ್ ಮಾಡಿದ್ದು, ಫೇಸ್‌ಬುಕ್ ಮೇಲಕ್ಕೆ ತಂದು ನಿಲ್ಲಿಸಿದ್ದು, ಯೂಟ್ಯೂಬ್ ಇದನ್ನೂ ನೋಡಿ ಅಂತ ಮುಂದಿಟ್ಟಿದ್ದು. ಪಂಕ್ತಿಯಲ್ಲಿ ಕೂತವರು ನಾವು, ಬಡಿಸುವವರು ಅವರು. ಏನು ಬೇಕು ಅಂತ ಕೇಳುವ ಪದ್ಧತಿ ಅಲ್ಲಿಲ್ಲ.

ಇದಕ್ಕೊಂದು ಬೇರೆ ದಾರಿ ಇದೆ. ಹೊಸದೇನಲ್ಲ, ಕಾಲು ಶತಮಾನದ ಹಿಂದಿನದು. ಹೆಸರು ಆರ್‌ಎಸ್‌ಎಸ್. ಗಾಬರಿ ಬೇಡ, ನಾಗಪುರಕ್ಕೂ ಇದಕ್ಕೂ ಸಂಬಂಧ ಇಲ್ಲ! ರಿಯಲಿ ಸಿಂಪಲ್ ಸಿಂಡಿಕೇಷನ್ ಅಂತ ಈಗ ಅದನ್ನು ಬಿಡಿಸಿ ಹೇಳ್ತಾರೆ.

1999ರ ಮಾರ್ಚ್‌ನಲ್ಲಿ ನೆಟ್‌ಸ್ಕೇಪ್ ಕಂಪನಿ ಇದರ ಮೊದಲ ಆವೃತ್ತಿಯನ್ನು ಹೊರತಂದಿತು. ಅದನ್ನು ರೂಪಿಸಿದವರು ಡ್ಯಾನ್ ಲಿಬ್ಬಿ ಮತ್ತು ರಾಮನಾಥನ್ ಗುಹಾ. ಈ ಗುಹಾ ನಮ್ಮ ಮದ್ರಾಸ್ ಐಐಟಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವರು. ಓದಿದ್ದು ಮೆಕ್ಯಾನಿಕಲ್, ಮಾಡಿದ್ದು ಸಾಫ್ಟ್‌ವೇರ್. ಬೆಂಗಳೂರಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. 2000ದಲ್ಲಿ ಬಂದ 1.0 ಆವೃತ್ತಿಯ ತಂಡದಲ್ಲಿ ಆ್ಯರನ್ ಸ್ವಾರ್ಟ್ಜ್ ಅನ್ನುವ ಹದಿನಾಲ್ಕು ವರ್ಷದ ಹುಡುಗನಿದ್ದ. 2002ರಲ್ಲಿ ಡೇವ್ ವೈನರ್ 2.0 ತಂದರು. ಇವತ್ತಿಗೂ ಹೆಚ್ಚು ಬಳಕೆಯಲ್ಲಿರೋದು ಅದೇ.

ಇದು ಕೆಲಸ ಮಾಡುವ ರೀತಿ ಬಹಳ ಸರಳ. ಒಂದು ವೆಬ್‌ಸೈಟ್ ತನ್ನ ಹೊಸ ಬರಹಗಳ ಪಟ್ಟಿಯನ್ನು ಒಂದು ಫೈಲಿನಲ್ಲಿ ಇಟ್ಟಿರುತ್ತೆ. ಶೀರ್ಷಿಕೆ, ಲಿಂಕ್, ದಿನಾಂಕ, ಸಣ್ಣ ಸಾರಾಂಶ, ಅಷ್ಟೆ. ಅದೇ ಫೀಡ್. ನಿಮ್ಮ ಫೋನಿನಲ್ಲೋ ಕಂಪ್ಯೂಟರಿನಲ್ಲೋ ಇರುವ ಫೀಡ್ ರೀಡರ್ ಆಗಾಗ ಹೋಗಿ ಆ ಫೈಲನ್ನು ನೋಡಿಕೊಂಡು ಬರುತ್ತೆ. ಹೊಸದಿದ್ದರೆ ನಿಮ್ಮ ಮುಂದಿಡುತ್ತೆ. ಐವತ್ತು ಸೈಟುಗಳನ್ನು ಒಂದೊಂದಾಗಿ ತೆರೆಯುವ ಬದಲು ಒಂದೇ ಕಡೆ ಎಲ್ಲವೂ, ಸಾಮಾನ್ಯವಾಗಿ ಬಂದ ಕ್ರಮದಲ್ಲೇ. ಯಾವುದಕ್ಕೆ ಎಷ್ಟು ಲೈಕ್ ಬಿತ್ತು ಅನ್ನುವ ಲೆಕ್ಕ ಆ ಫೈಲಿಗೆ ಬೇಕಿಲ್ಲ.

ಇಷ್ಟು ಒಳ್ಳೇದಿದ್ದರೆ ಯಾಕೆ ಎಲ್ಲರೂ ಬಳಸ್ತಿಲ್ಲ ಅಂತ ಕೇಳ್ತೀರಿ. ಬಳಸ್ತಿದ್ದರು. 2005ರಲ್ಲಿ ಬಂದ ಗೂಗಲ್ ರೀಡರ್‌ಗೆ ಅದನ್ನೇ ನೆಚ್ಚಿಕೊಂಡ ಓದುಗರಿದ್ದರು. 2013ರ ಮಾರ್ಚ್‌ನಲ್ಲಿ ಗೂಗಲ್ ಅದನ್ನು ಮುಚ್ಚುವುದಾಗಿ ಹೇಳಿತು. ಜುಲೈ 1ಕ್ಕೆ ಬಾಗಿಲು ಹಾಕಿತು. ಬಳಕೆ ಕಡಿಮೆಯಾಗಿದೆ ಅನ್ನುವುದು ಕಂಪನಿ ಕೊಟ್ಟ ಕಾರಣ. ಇರಬಹುದು. ಆದರೆ ನನಗನ್ನಿಸೋದು ಇಷ್ಟು: ಓದುಗ ತನಗೆ ಬೇಕಾದ್ದನ್ನು ಓದಿ ಎದ್ದು ಹೋಗುವ ಕಡೆ ಜಾಹೀರಾತಿಗೆ ಜಾಗ ಕಡಿಮೆ. ಬೆರಳು ನಿಲ್ಲದೆ ಸ್ಕ್ರೋಲ್ ಮಾಡುವ ಕಡೆ ದುಡ್ಡಿದೆ.

ಗೂಗಲ್ ಹೋಯ್ತು ಅಂತ ಫೀಡ್ ಸಾಯಲಿಲ್ಲ. ಯಾಕಂದ್ರೆ ಅದು ಯಾರೊಬ್ಬರ ಸ್ವತ್ತೂ ಅಲ್ಲ. ನೀವು ಕೇಳುವ ಪಾಡ್‌ಕಾಸ್ಟುಗಳಲ್ಲಿ ಹೆಚ್ಚಿನವು ಇವತ್ತಿಗೂ ಆರ್‌ಎಸ್‌ಎಸ್ ಮೇಲೆಯೇ ಓಡ್ತಿವೆ. ನಮ್ಮ ರಿಸರ್ವ್ ಬ್ಯಾಂಕ್, ಕೇಂದ್ರ ಸರ್ಕಾರದ ಪಿಐಬಿ ಕೂಡ ಫೀಡ್ ಕೊಡ್ತವೆ. ಬಡ್ಡಿ ದರದ ಬಗ್ಗೆ ರಿಸರ್ವ್ ಬ್ಯಾಂಕ್ ಏನು ಹೇಳಿತು ಅನ್ನೋದನ್ನು ಯಾರದೋ ಫಾರ್ವರ್ಡ್‌ನಲ್ಲಿ ಓದುವುದಕ್ಕೂ, ಬ್ಯಾಂಕಿನ ಪ್ರಕಟಣೆಯಲ್ಲೇ ಓದುವುದಕ್ಕೂ ವ್ಯತ್ಯಾಸ ಇಲ್ವಾ?

ಶುರು ಮಾಡೋದು ಕಷ್ಟವಲ್ಲ. ಫೀಡ್ಲಿ, ಇನೋರೀಡರ್ ಥರದ ಯಾವುದಾದರೂ ರೀಡರ್ ತೆಗೆದುಕೊಳ್ಳಿ. ನಿಮಗೆ ಬೇಕಾದ ಸೈಟಿನ ವಿಳಾಸ ಹಾಕಿ. ಫೀಡ್ ಇದ್ದರೆ ಹೆಚ್ಚಿನ ಸಲ ರೀಡರ್ರೇ ಹುಡುಕಿಕೊಳ್ಳುತ್ತೆ. ಮೊದಲಿಗೆ ಹತ್ತು ಸೈಟು ಸಾಕು. ಇನ್ನೂರು ಸೇರಿಸಿದರೆ ಓದದ ಸುದ್ದಿಗಳ ಸಂಖ್ಯೆ ನೋಡಿಯೇ ಸುಸ್ತಾಗ್ತೀರಿ. ಮತ್ತೊಂದು ಮಾತು, ರೀಡರ್‌ನಲ್ಲಿ ಒಪಿಎಂಎಲ್ ಅನ್ನುವ ಫೈಲಾಗಿ ನಿಮ್ಮ ಪಟ್ಟಿಯನ್ನು ಇಳಿಸಿಕೊಳ್ಳಲು ಬರುತ್ತೆ. ಇಳಿಸಿ ಇಟ್ಟುಕೊಳ್ಳಿ. ನಾಳೆ ಈ ಅಂಗಡಿಯೂ ಮುಚ್ಚಿದರೆ ಪಟ್ಟಿ ಹಿಡಿದು ಪಕ್ಕದ ಅಂಗಡಿಗೆ ಹೋಗಬಹುದು.

ಇದು ಸರ್ವರೋಗಕ್ಕೂ ಮದ್ದು ಅಂತ ನಾನು ಹೇಳ್ತಿಲ್ಲ. ಸುಳ್ಳು ಬರೆಯುವ ಸೈಟನ್ನು ಸೇರಿಸಿದರೆ ಫೀಡ್ ಆ ಸುಳ್ಳನ್ನೂ ಅಷ್ಟೇ ನಿಷ್ಠೆಯಿಂದ ತಂದುಕೊಡುತ್ತೆ. ಕೆಲವು ಸೈಟುಗಳು ಎರಡು ಸಾಲು ಕೊಟ್ಟು ಉಳಿದದ್ದಕ್ಕೆ ನಮ್ಮಲ್ಲಿಗೇ ಬನ್ನಿ ಅಂತವೆ. ಕೆಲವು ಫೀಡನ್ನೇ ನಿಲ್ಲಿಸಿವೆ. ಇನ್ನು, ನಮಗೆ ಹಿತವಾದದ್ದನ್ನೇ ಬರೆಯುವವರನ್ನು ಮಾತ್ರ ಸೇರಿಸಿಕೊಂಡರೆ ಆಲ್ಗರಿದಮ್ ಮಾಡ್ತಿದ್ದ ಕೆಲಸವನ್ನು ನಾವೇ ಕೈಯಾರೆ ಮಾಡಿದ ಹಾಗೆ. ಅದಕ್ಕೇ ಹತ್ತರಲ್ಲಿ ಎರಡಾದರೂ ನಿಮಗೆ ಒಪ್ಪಿಗೆಯಾಗದ ದನಿಗಳಿರಲಿ.

ಸುದ್ದಿವಾಹಿನಿಯಲ್ಲಿ ಕೂತು ಇದನ್ನು ಹೇಳ್ತೀರಲ್ಲ, ನಿಮ್ಮ ಟಿಆರ್‌ಪಿ ಗತಿ ಏನು ಅಂತ ಕೆಲವರು ಕೇಳಬಹುದು. ನಮ್ಮನ್ನೂ ಆ ಪಟ್ಟಿಯಲ್ಲಿ ಒಬ್ಬರನ್ನಾಗಿ ಇಟ್ಟುಕೊಳ್ಳಿ. ಬೇರೆ ಒಂಬತ್ತು ಜನರ ಜೊತೆ ಹೋಲಿಸಿ ನೋಡಿ. ಅಲ್ಲಿ ನಿಲ್ಲಲಾಗದ ಸುದ್ದಿ ಯಾರದ್ದಾದರೂ ಸರಿ, ತೆಗೆದು ಹಾಕಿ. ತೆಗೆಯುವ ಗುಂಡಿ ನಿಮ್ಮ ಕೈಯಲ್ಲಿದೆ.