ಕಿಟಕಿಗೆ ಕೊಟ್ಟ ಕಾಣಿಕೆ



ಕೂಸು ಹುಟ್ಟಿದ ಮನೆಗೆ ಬಾಣಂತನ ಮಾಡಲು ಕರೆಯದಿದ್ದರೂ ನಾಲ್ಕು ಜನ ಬರುತ್ತಾರೆ. ಸಾಯುವವನ ಹಾಸಿಗೆಯ ಬಳಿಗೂ ಜನ ಬರುತ್ತಾರೆ. ಆದರೆ ಕೂಡುವವರು ಕಡಿಮೆ. ನಿಂತೇ ಮಾತನಾಡಿಸಿ, ಬಾಳೆಹಣ್ಣು ಇಟ್ಟು, ಬಸ್ಸಿನ ವೇಳೆ ನೋಡಿಕೊಂಡು ಹೊರಡುತ್ತಾರೆ. ಇಂದು ಹಾಗೆ ಹೊರಡದೆ ಕುಳಿತ ಒಬ್ಬ ದಾದಿಯ ಸಂಗತಿಯನ್ನು ಹೇಳಬೇಕೆಂದಿದ್ದೇವೆ. ಆಕೆ ಲಂಡನ್ನಿನವಳು. ಮಠದಲ್ಲಿ ಲಂಡನ್ ಮಾತೇಕೆ ಎಂದು ಹಿಂದೆ ಕುಳಿತವರು ನಗುತ್ತಿದ್ದೀರಿ. ನಗಿರಿ. ಕಾಯಕಕ್ಕೆ ಊರು ಯಾವುದಾದರೇನು?

ಸಿಸಿಲಿ ಸೌಂಡರ್ಸ್ ಎಂದು ಆಕೆಯ ಹೆಸರು. ಹುಟ್ಟಿದ್ದು 1918ರಲ್ಲಿ, ಉಳ್ಳವರ ಮನೆಯಲ್ಲಿ. ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದಾಗ ಯುದ್ಧ ಬಂತು. 1940ರಲ್ಲಿ ಓದನ್ನು ಬಿಟ್ಟು, ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯ ಕೆಲಸ ಕಲಿಯಲು ಸೇರಿದಳು. ಕಲಿತಳು. ಆದರೆ ಬೆನ್ನುನೋವು; ರೋಗಿಗಳನ್ನು ಎತ್ತಿ ಇಳಿಸುವ ಕೆಲಸ ಆಗದಾಯಿತು. ಆಗ ರೋಗಿಯ ಮನೆಯ ಕಷ್ಟಸುಖ ವಿಚಾರಿಸುವ ಬೇರೊಂದು ಹುದ್ದೆಯನ್ನು ಹಿಡಿದಳು.

ಅಲ್ಲಿ ಅವಳಿಗೆ ಸಿಕ್ಕವನು ಡೇವಿಡ್ ಟಾಸ್ಮಾ. ಪೋಲೆಂಡಿನಿಂದ ಬಂದ ಯಹೂದಿ. ಹೋಟೆಲಿನಲ್ಲಿ ಮಾಣಿಯಾಗಿದ್ದವನು, ವಯಸ್ಸು ನಲವತ್ತು, ಕ್ಯಾನ್ಸರ್. ಹತ್ತಿರ ತನ್ನವರೆಂಬುವರಿಲ್ಲ. ತಾನು ಬದುಕಿದ್ದಕ್ಕೆ ಗುರುತೇ ಇಲ್ಲವಲ್ಲ ಎಂಬುದು ಅವನ ಸಂಕಟ. ಈಕೆ ಹೋಗಿ ಹೋಗಿ ಅವನ ಬಳಿ ಕೂಡುತ್ತಿದ್ದಳು. ಸಾಯುವವರು ನೋವಿಲ್ಲದೆ, ಒಂಟಿಯಾಗದೆ ಇರುವಂಥ ಒಂದು ಮನೆ ಬೇಕು ಎಂದು ಇಬ್ಬರೂ ಮಾತನಾಡಿಕೊಂಡರು. 1948ರಲ್ಲಿ ಅವನು ತೀರಿಕೊಂಡಾಗ 500 ಪೌಂಡುಗಳನ್ನು ಅವಳಿಗೆ ಬಿಟ್ಟುಹೋಗಿದ್ದ. ನೀನು ಕಟ್ಟುವ ಮನೆಯಲ್ಲಿ ನಾನೊಂದು ಕಿಟಕಿಯಾಗಿರುತ್ತೇನೆ ಎಂಬ ಭಾವದಿಂದ ಕೊಟ್ಟದ್ದು. ಮನೆಯೆಲ್ಲಿತ್ತು? ನಾವು ಪಾಯ ಹಾಕಿ, ಗೋಡೆ ಎಬ್ಬಿಸಿ, ಆಮೇಲೆ ಕಿಟಕಿ ಕೂಡಿಸುತ್ತೇವೆ. ಅಲ್ಲಿ ಕಿಟಕಿ ಮೊದಲು ಬಂತು. ಗೋಡೆ ಏಳಲು 19 ವರ್ಷ ಹಿಡಿಯಿತು.

ಆ ಕಾಲದಲ್ಲಿ ನೋವು ತಡೆಯಲಾರದೆ ರೋಗಿ ಕೂಗಿದರೆ ಮಾತ್ರ ಔಷಧ. ಕೂಗಬೇಕು, ಬೇಡಬೇಕು. ಇನ್ನೊಂದು ಕಡೆ ದಾದಿಯರು ನೋವು ಮರಳುವ ಮೊದಲೇ ಹೊತ್ತಿಗೆ ಸರಿಯಾಗಿ ಔಷಧ ಕೊಡುವುದನ್ನು ಆಕೆ ಕಂಡಿದ್ದಳು. ಇದನ್ನು ದಾದಿಯಾಗಿ ಹೇಳಿದರೆ ಕೇಳುವವರಿಲ್ಲ, ವೈದ್ಯಳಾಗು ಎಂದು ಒಬ್ಬ ಶಸ್ತ್ರವೈದ್ಯರು ಬುದ್ಧಿ ಹೇಳಿದರು. 33ನೆಯ ವಯಸ್ಸಿನಲ್ಲಿ ಮತ್ತೆ ಪಾಠಶಾಲೆಗೆ! 1957ರಲ್ಲಿ ವೈದ್ಯಳಾದಳು. 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಎಂಬ ಮನೆ ತೆರೆಯಿತು. ನೋವೆಂದರೆ ಮೈಯದಷ್ಟೇ ಅಲ್ಲ. ಮನಸ್ಸಿನದು, ಸಂಸಾರದ್ದು, ಆತ್ಮದ್ದು ಎಲ್ಲ ಸೇರಿದ್ದು ಎಂದು ಆಕೆ ಕಲಿಸಿದಳು. 2005ರಲ್ಲಿ ಆಕೆಯೂ ಅದೇ ಮನೆಯಲ್ಲಿಯೇ ಕಣ್ಣು ಮುಚ್ಚಿದಳು.

ಇಂಥ ಮನೆ ನಮ್ಮಲ್ಲಿಯೂ ಇದೆ. ಬೆಂಗಳೂರಿನ ಕರುಣಾಶ್ರಯದಲ್ಲಿ ಗುಣವಾಗದ ಕ್ಯಾನ್ಸರಿನವರನ್ನು ಹಣ ಪಡೆಯದೆ ನೋಡಿಕೊಳ್ಳುತ್ತಾರೆ. ಮಾರ್ಫಿನ್ ಎಂಬ ನೋವಿನ ಔಷಧ ಅಫೀಮಿನಿಂದ ಆಗುವುದು. ಅಫೀಮು ಬೆಳೆಯುವ ನಾಡು ನಮ್ಮದು. ಆದರೂ 1985ರ ಕಾಯಿದೆಯ ಬಿಗಿಯಿಂದ ನಮ್ಮ ರೋಗಿಗಳಿಗೇ ಅದು ಸಿಗುವುದು ಕಷ್ಟವಾಗಿತ್ತು. 2014ರಲ್ಲಿ ತಿದ್ದುಪಡಿಯಾಯಿತು.

ಇನ್ನು ನಮ್ಮದೇ ಒಂದು ತಪ್ಪನ್ನು ಹೇಳಿಬಿಡುತ್ತೇವೆ. ಮಠದ ಹಿರಿಯ ಭಕ್ತರೊಬ್ಬರು ಆಸ್ಪತ್ರೆಯಲ್ಲಿದ್ದರು. ರೋಗ ಕೈಮೀರಿತ್ತು. ಮಕ್ಕಳು ಬಾಗಿಲಲ್ಲಿಯೇ ತಡೆದು, ಅಪ್ಪನಿಗೆ ಏನೂ ತಿಳಿಸಿಲ್ಲ, ತಾವೂ ಹೇಳಬಾರದು ಎಂದರು. ನಾವು ಒಳಗೆ ಹೋಗಿ ವಿಭೂತಿ ಹಚ್ಚಿ, "ಏನೂ ಆಗುವುದಿಲ್ಲ, ಗುಣವಾಗುತ್ತದೆ" ಎಂದು ಹೇಳಿ ಹೊರಬಂದೆವು. ಅವರು ನಮ್ಮ ಕೈಯನ್ನು ಬಿಡಲೊಲ್ಲದೆ ಹಿಡಿದಿದ್ದರು. ನಾವೇ ಬಿಡಿಸಿಕೊಂಡೆವು.

ಪಡಸಾಲೆಯಲ್ಲಿ ಒಬ್ಬ ಸಣ್ಣ ವಯಸ್ಸಿನ ದಾದಿ ಅಡ್ಡ ಬಂದು ಶರಣಾರ್ಥಿ ಮಾಡಿದಳು. "ಅಪ್ಪಾವ್ರ, ಅವರು ತಮ್ಮ ಕೂಡ ಏನೋ ಮಾತಾಡಬೇಕಂತ ಮೂರು ದಿನದಿಂದ ಹೇಳಾಕತ್ತಾರ. ಒಂದು ಹತ್ತು ನಿಮಿಷ ಕುಂಡರ್ರಿ" ಎಂದಳು. ಹಿರಿಯ ಮಗ ಸಿಟ್ಟಾದ. ಆಕೆ ಅವನ ಕಡೆಗೆ ತಿರುಗಿ, "ಅಣ್ಣಾರ, ನಿಮ್ಮಪ್ಪಗ ಎಲ್ಲಾ ಗೊತ್ತೈತ್ರಿ. ಗೊತ್ತೈತಂತ ತಿಳಿದ್ರ ನೀವು ಅಳತೀರಂತ ಅವರ ಸುಮ್ಮದಾರ" ಎಂದಳು. ಅವನು ಅಲ್ಲಿಯೇ ಬೆಂಚಿನ ಮೇಲೆ ಕುಸಿದು ಕುಳಿತ. ರಾತ್ರಿ ನೋವಿಗೆ ಔಷಧ ಸಾಲದೆಂದು ಆಕೆ ವೈದ್ಯರನ್ನು ಎರಡು ಸಲ ಎಬ್ಬಿಸಿ ಬೈಸಿಕೊಂಡಿದ್ದಳೆಂದು ಆಮೇಲೆ ತಿಳಿಯಿತು.

ಮರಳಿ ಒಳಗೆ ಹೋಗಿ ಕುಳಿತೆವು. ಸುಖದುಃಖದ ಮಾತಲ್ಲ, ಮೋಕ್ಷದ ಮಾತೂ ಅಲ್ಲ. ಹೊಲದ ಬದುವಿನ ಜಗಳದಿಂದ ತಮ್ಮನ ಮನೆಯಲ್ಲಿ ಅವರು ಎಷ್ಟೋ ವರ್ಷ ನೀರು ಮುಟ್ಟಿರಲಿಲ್ಲ. ಅವನನ್ನು ಕರೆಸಬೇಕಿತ್ತು; ಮಕ್ಕಳಿಗೆ ಹೇಳಲು ಬಾಯಿ ಬರಲಿಲ್ಲ. ಮಠದಿಂದ ಆಳು ಹೋಯಿತು. ಮರುದಿನ ಸಂಜೆ ತಮ್ಮ ಬಂದ, ಒಂದು ತಂಬಿಗೆ ಹಾಲು ಹಿಡಿದುಕೊಂಡು. ನುಂಗಲು ಆಗುತ್ತಿರಲಿಲ್ಲ, ದಾದಿ ತಲೆ ಎತ್ತಿ ಹಿಡಿದಳು, ತಮ್ಮ ಚಮಚದಿಂದ ಹಾಕಿದ. ಮೂರು ಚಮಚ ಇಳಿಯಿತು. ನಾಲ್ಕು ದಿನದ ಮೇಲೆ ಅವರು ಲಿಂಗೈಕ್ಯರಾದರು. ಆ ದಾದಿಯ ಹೆಸರನ್ನು ನಾವು ಕೇಳಿಕೊಳ್ಳಲೇ ಇಲ್ಲ.